ಶಟ್‌ಡೌನ್ ಕೊಟ್ಟರೆ ನೀಲಿ ಪರದೆ: ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ: ಮನೆಯಲ್ಲಿ ವಿಂಡೋಸ್ 11 ಇರುವ ಡೆಸ್ಕ್‌ಟಾಪ್ ಇದೆ. ದಿನವಿಡೀ ಚೆನ್ನಾಗಿ ಓಡುತ್ತದೆ. ಶಟ್‌ಡೌನ್ ಕೊಟ್ಟರೆ ಮಾತ್ರ ಚಕ್ರ ಸುತ್ತುತ್ತಲೇ ಇರುತ್ತದೆ, ಆಮೇಲೆ ನೀಲಿ ಪರದೆ. ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’ ಅಂತ ಬರುತ್ತದೆ. ಕಾದು ಸಾಕಾಗಿ ಗೋಡೆಯ ಸ್ವಿಚ್ಚೇ ಆಫ್ ಮಾಡುತ್ತೇನೆ. ಅಂಗಡಿಯವರು ಫಾರ್ಮ್ಯಾಟ್ ಮಾಡೋಣ ಅಂತಾರೆ.

ಉತ್ತರ: ಫಾರ್ಮ್ಯಾಟ್ ಈಗಲೇ ಬೇಡ. ಪರದೆ ಮೇಲೆ ಬಂದಿರುವ ಆ ಹೆಸರೇ ಅರ್ಧ ಉತ್ತರ. ಕಂಪ್ಯೂಟರ್ ಮಲಗುವ ಮುಂಚೆ ವಿಂಡೋಸ್ ಪ್ರತಿ ಡ್ರೈವರ್‌ಗೂ (ಒಂದೊಂದು ಸಾಧನವನ್ನು ನಡೆಸುವ ಪ್ರೋಗ್ರಾಂ) ‘ನಿನ್ನ ಸಾಧನ ಆಫ್ ಮಾಡು’ ಅಂತ ಹೇಳುತ್ತದೆ. ಯಾವುದೋ ಒಂದು ಡ್ರೈವರ್ ಉತ್ತರವನ್ನೇ ಕೊಡುತ್ತಿಲ್ಲ. ಅದು ಯಾವುದು ಅಂತ ಗೊತ್ತಾಗದೆ ಫಾರ್ಮ್ಯಾಟ್ ಮಾಡಿಸಿದರೆ, ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ. ಫೈಲ್‌ಗಳನ್ನು ಕಳೆದುಕೊಂಡಿದ್ದಷ್ಟೇ ಲಾಭ.

ಒಂದು ವಿಷಯ ಹೇಳಿ. ರೀಸ್ಟಾರ್ಟ್ ಕೊಟ್ಟರೆ ಸರಿಯಾಗಿ ಆಗುತ್ತಾ?

ಪ್ರಶ್ನೆ ಕೇಳಿದವರು: ಹೌದು, ರೀಸ್ಟಾರ್ಟ್‌ಗೆ ಏನೂ ತೊಂದರೆ ಇಲ್ಲ. ಅದೇ ವಿಚಿತ್ರ ಅನ್ನಿಸಿತು.

ಉತ್ತರ: ಹಾಗಾದರೆ ಕಂಪ್ಯೂಟರ್ ಬೇಗ ಆನ್ ಆಗಲಿ ಅಂತ ಇರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯದ ಮೇಲೆ ಅನುಮಾನ. 2012ರಲ್ಲಿ ವಿಂಡೋಸ್ 8 ಜೊತೆ ಬಂದದ್ದು ಇದು. ಇದು ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ಕರ್ನೆಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿ ಹಾಗೇ ಡಿಸ್ಕ್‌ಗೆ ಬರೆದುಕೊಳ್ಳುತ್ತದೆ. ರೀಸ್ಟಾರ್ಟ್‌ನಲ್ಲಿ ಈ ದಾರಿಯೇ ಇಲ್ಲ, ಎಲ್ಲವೂ ಪೂರ್ತಿ ನಿಂತು ಹೊಸದಾಗಿ ಶುರುವಾಗುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ. ಎಡಗಡೆ ಪವರ್ ಬಟನ್ ಏನು ಮಾಡಬೇಕು ಅನ್ನುವ ಲಿಂಕ್ ಇದೆ. ಒಳಗೆ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಮಸುಕಾಗಿದ್ದರೆ, ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್’ ಲಿಂಕ್ ಒತ್ತಿ, ಆಮೇಲೆ ಟಿಕ್ ತೆಗೆಯಿರಿ.

ಆಮೇಲೂ ಬಂದರೆ, ನೀಲಿ ಪರದೆಯಲ್ಲಿ ಶೇಕಡಾ 100 ಆಗುವ ತನಕ ದಯವಿಟ್ಟು ಸ್ವಿಚ್ ಮುಟ್ಟಬೇಡಿ. ಕ್ರ್ಯಾಶ್‌ನ ವರದಿ ಬರೆಯುವ ಹೊತ್ತು ಅದು. ಮಧ್ಯೆ ಕರೆಂಟ್ ತೆಗೆದರೆ ಸಾಕ್ಷಿಯೇ ಉಳಿಯುವುದಿಲ್ಲ.

ಇನ್ನೊಬ್ಬ ಸದಸ್ಯರು: ನನ್ನದು ಶಟ್‌ಡೌನ್ ಕೊಟ್ಟರೆ ತಾನೇ ಮತ್ತೆ ಆನ್ ಆಗುತ್ತದೆ. ಇದೂ ಅದೇನಾ?

ಉತ್ತರ: ಇರಬಹುದು. ಕ್ರ್ಯಾಶ್ ಆದರೆ ತಾನೇ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ವಿಂಡೋಸ್‌ನಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಟಿಕ್ ತೆಗೆದು ನೋಡಿ. ನೀಲಿ ಪರದೆ ನಿಂತರೆ ಕ್ರ್ಯಾಶ್. ಪರದೆ ಬರದೆ ಪೂರ್ತಿ ಆಫ್ ಆಗಿ ಮತ್ತೆ ಎದ್ದರೆ, ನೆಟ್‌ವರ್ಕ್ ಕಾರ್ಡಿನ ‘ವೇಕ್ ಆನ್ ಲ್ಯಾನ್’ (ನೆಟ್‌ವರ್ಕ್ ಮೂಲಕ ಕಂಪ್ಯೂಟರ್ ಎಬ್ಬಿಸುವ ಸೆಟ್ಟಿಂಗ್) ನೋಡಬೇಕು.

ಪ್ರಶ್ನೆ ಕೇಳಿದವರು: ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದೆ. ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ವಿಂಡೋಸ್ ಫೋಲ್ಡರ್‌ನಲ್ಲಿ ಮಿನಿಡಂಪ್ ಫೈಲ್ (ನೀವು ಹೇಳಿದ ಕ್ರ್ಯಾಶ್ ವರದಿ) ಬಂದಿದೆ. ಅದನ್ನು ಓದುವ ಬ್ಲೂಸ್ಕ್ರೀನ್‌ವ್ಯೂ ಪ್ರೋಗ್ರಾಂನಲ್ಲಿ ತೆರೆದರೆ ‘ಎನ್‌ಟಿಒಎಸ್‌ಕೆಆರ್‌ಎನ್‌ಎಲ್’ ಕಾರಣ ಅಂತ ತೋರಿಸುತ್ತಿದೆ.

ಉತ್ತರ: ಅದು ವಿಂಡೋಸ್‌ನ ಕರ್ನೆಲ್. ಕಾದು ಕಾದು ಕೊನೆಗೆ ಕ್ರ್ಯಾಶ್ ಘೋಷಿಸಿದ್ದು ಅದು, ಹಾಗಾಗಿ ಅದರ ಹೆಸರು ಬಂದಿದೆ. ಈ ಜಾತಿಯ ಕ್ರ್ಯಾಶ್‌ನಲ್ಲಿ ಜಾಸ್ತಿ ಜನ ಇಲ್ಲೇ ದಾರಿ ತಪ್ಪುತ್ತಾರೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ವಿನ್‌ಡಿಬಿಜಿ (ಕ್ರ್ಯಾಶ್ ವರದಿ ವಿಶ್ಲೇಷಿಸುವ ಪ್ರೋಗ್ರಾಂ) ಉಚಿತವಾಗಿ ಸಿಗುತ್ತದೆ. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಂಪ್ ಫೈಲ್ ಕೊಡಿ. ಇಂಟರ್‌ನೆಟ್ ಆನ್ ಇರಲಿ. ‘ಅನಲೈಸ್’ ಲಿಂಕ್ ಒತ್ತಿ, ಬಂದ ಉದ್ದ ಪಠ್ಯದಲ್ಲಿ ಡ್ರೈವರ್ ಹೆಸರಿರುವ ‘ಇಮೇಜ್ ನೇಮ್’ ಸಾಲು ಹುಡುಕಿ.

ಪ್ರಶ್ನೆ ಕೇಳಿದವರು: ಸಿಕ್ಕಿತು ಸರ್! ಯುಎಸ್‌ಬಿ ವೈಫೈ ಡಾಂಗಲ್‌ನ ಡ್ರೈವರ್. ಹಳೇ ಕಂಪ್ಯೂಟರ್‌ನದ್ದು, ಜೊತೆಗಿದ್ದ ಸಿಡಿಯಿಂದಲೇ ಇನ್‌ಸ್ಟಾಲ್ ಮಾಡಿದ್ದೆ.

ಉತ್ತರ: ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರ್ ಅಳಿಸುವ ಟಿಕ್ ಕೂಡ ಹಾಕಿ. ಡಾಂಗಲ್ ತಯಾರಕರ ತಾಣದಿಂದ ವಿಂಡೋಸ್ 11ರದ್ದೇ ಡ್ರೈವರ್ ತಂದು ಹಾಕಿ. ಇಲ್ಲದಿದ್ದರೆ ಡಾಂಗಲ್ ಬದಲಿಸಿ. ‘ಡ್ರೈವರ್ ಅಪ್‌ಡೇಟರ್’ ಅಂತ ಸಿಗುವ ಪ್ರೋಗ್ರಾಂಗಳ ಹತ್ತಿರ ಮಾತ್ರ ಹೋಗಬೇಡಿ.

ಪ್ರಶ್ನೆ ಕೇಳಿದವರು: ಹೊಸ ಡ್ರೈವರ್ ಹಾಕಿದ ಮೇಲೆ ಒಂದು ಸಲವೂ ಬಂದಿಲ್ಲ. ಫಾಸ್ಟ್ ಸ್ಟಾರ್ಟಪ್ ವಾಪಸ್ ಆನ್ ಮಾಡಲಾ?

ಉತ್ತರ: ಎಸ್‌ಎಸ್‌ಡಿ ಇದ್ದರೆ ಬಿಡಿ, ವ್ಯತ್ಯಾಸ ಅಷ್ಟೇನೂ ಗೊತ್ತಾಗಲ್ಲ. ಹಳೇ ಹಾರ್ಡ್ ಡಿಸ್ಕ್ ಆದರೆ ಆನ್ ಮಾಡಿ ನೋಡಬಹುದು. ವಿಂಡೋಸ್ ಜೊತೆಗೆ ಲಿನಕ್ಸ್ (ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕೂಡ ಹಾಕಿದ್ದರೆ ಆಫ್‌ನಲ್ಲೇ ಇರಲಿ.