ಮರಳಿನ ಟ್ರೇನಲ್ಲಿ ನಡುಗಡ್ಡೆ ಮೂಡ್ತಿಲ್ಲ, ಬರೀ ಕೊರಕಲು ಬೀಳ್ತಿದೆ

ಹೈಸ್ಕೂಲ್_ಕೊರಟಗೆರೆ:
ವಿಜ್ಞಾನ ಪ್ರದರ್ಶನಕ್ಕೆ ನದಿ ಮಾದರಿ ಮಾಡಿಸುತ್ತಿದ್ದೇನೆ. ಪ್ಲೈವುಡ್ ಟ್ರೇ 150 × 60 ಸೆಂ.ಮೀ., ಒಳಗೆ ಟಾರ್ಪಲ್, 6 ಸೆಂ.ಮೀ. ದಪ್ಪ ಎಂ-ಸ್ಯಾಂಡ್. ಮೇಲ್ತುದಿಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಕೂಲರ್ ಪಂಪಿನ ಪೈಪನ್ನು ನೇರ ಮರಳಿಗೆ ಬಿಟ್ಟರೆ ಐದು ನಿಮಿಷದಲ್ಲಿ ಒಂದೇ ಕಾಲುವೆ ಕೊರೆದು ಟಾರ್ಪಲ್ ಕಾಣುತ್ತೆ. ನಡುವೆ ಕಲ್ಲಿಟ್ಟರೆ ನೀರು ಸುತ್ತಿಕೊಂಡು ಹೋಗುತ್ತೆ, ಆದರೆ ಅದು ತಾನಾಗಿ ಆದ ನಡುಗಡ್ಡೆ ಅಲ್ಲವಲ್ಲ. ಎಲ್ಲಿ ತಪ್ಪಾಗಿದೆ?

ಪಿನಾಕಿನಿ_ಗೌರಿಬಿದನೂರು:
ಮೇಡಂ, ತಪ್ಪು ಮೂರು ಕಡೆ ಇದೆ. ದೊಡ್ಡದು ಇಳಿಜಾರು. ಎರಡು ಇಟ್ಟಿಗೆ ಅಂದರೆ ಸುಮಾರು 15 ಸೆಂ.ಮೀ., ಅಂದರೆ ನೂರಕ್ಕೆ ಹತ್ತು. ಅದು ಬೆಟ್ಟದ ಝರಿ, ನದಿ ಅಲ್ಲ. ಇಟ್ಟಿಗೆ ತೆಗೆದು 3 ಸೆಂ.ಮೀ. ದಪ್ಪದ ರೀಪರ್ (ಮರದ ಪಟ್ಟಿ) ಕೊಡಿ, ನೂರಕ್ಕೆ ಎರಡು ಸಾಕು. ಅಡ್ಡಡ್ಡಕ್ಕೆ ರಸಮಟ್ಟ (ಗಾರೆಯವರು ಮಟ್ಟ ನೋಡುವ ಸಾಧನ) ಇಟ್ಟು ನೋಡಿ, ಒಂದು ಪಕ್ಕ ವಾಲಿದ್ದರೆ ನೀರೆಲ್ಲ ಅತ್ತಲೇ ಸೇರುತ್ತೆ.

ಎರಡನೆಯದು, ನೀವು ಕೊಡುತ್ತಿರುವುದು ಬರೀ ತಿಳಿ ನೀರು. ಹೊರಲು ಮರಳಿಲ್ಲದ ನೀರು ತಳವನ್ನೇ ಕೊರೆಯುತ್ತೆ. ಅಣೆಕಟ್ಟಿನ ಕೆಳಗೆ ನದಿಯ ಪಾತ್ರ ಆಳವಾಗುವುದೂ ಇದೇ ಕಾರಣಕ್ಕೆ. ನೀರಿನ ಜೊತೆ ಮೇಲಿನಿಂದ ಮರಳೂ ಬರಬೇಕು. ನಿಮಿಷಕ್ಕೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 50 ಗ್ರಾಂ, ಒಂದೇ ಸಲ ಸುರಿಯದೆ ಉದುರಿಸುತ್ತಾ ಇರಿ. ನೀರು ಬೀಳುವ ಬಾಯಲ್ಲೇ ಗುಡ್ಡೆಯಾದರೆ ಕಡಿಮೆ ಮಾಡಿ, ತಳ ಇನ್ನೂ ಇಳಿಯುತ್ತಿದ್ದರೆ ಹೆಚ್ಚಿಸಿ.

ನೀರು ನಿಮಿಷಕ್ಕೆ 6 ಲೀಟರ್ ಇರಲಿ. ಒಂದು ಲೀಟರ್ ಬಾಟಲಿ 10 ಸೆಕೆಂಡಿಗೆ ತುಂಬಿದರೆ ಲೆಕ್ಕ ಸರಿ. ಪೈಪನ್ನು ಬೇಬಿ ಜಲ್ಲಿ ತುಂಬಿದ ಡಬ್ಬಿಗೆ ಬಿಟ್ಟು ಅಲ್ಲಿಂದ ಉಕ್ಕಿ ಹರಿಯಲಿ, ಆಗ ರಭಸ ಮುರಿಯುತ್ತೆ. ಮೊದಲೇ 20 ಸೆಂ.ಮೀ. ಅಗಲ, 1 ಸೆಂ.ಮೀ. ಆಳದ ನೇರ ಕಾಲುವೆ ತೋಡಿಕೊಳ್ಳಿ.

ಮೆಕ್ಕಲು_ಚಿಂತಾಮಣಿ:
ಮೂರನೆಯ ತಪ್ಪು ಎಂ-ಸ್ಯಾಂಡಿನ ಧೂಳು. ಒದ್ದೆಯಾದಾಗ ಅದು ದಡವನ್ನು ಗೋಡೆಯ ಹಾಗೆ ಹಿಡಿದುಕೊಳ್ಳುತ್ತೆ. ದಡ ಕುಸಿಯದಿದ್ದರೆ ಪಾತ್ರ ಅಗಲವಾಗಲ್ಲ, ಅಗಲವಾಗದಿದ್ದರೆ ನಡುಗಡ್ಡೆಗೆ ಜಾಗವೇ ಇಲ್ಲ. ಬಾಟಲಿಗೆ ಮೂರನೇ ಒಂದು ಭಾಗ ಮರಳು ಹಾಕಿ, ನೀರು ತುಂಬಿ, ಕುಲುಕಿ, ಒಂದು ಗಂಟೆ ಇಡಿ. ಮೇಲೆ ಬೂದಿಬಣ್ಣದ ಪದರ ಕೂತರೆ ಮರಳನ್ನು ಬಕೆಟ್‌ನಲ್ಲಿ ತೊಳೆದು ಬಗ್ಗಡ ಚೆಲ್ಲಿ, ನೀರು ತಿಳಿಯಾಗುವವರೆಗೂ. ಆಮೇಲೆ ಹತ್ತು ಪಾಲು ಮರಳಿಗೆ ಒಂದು ಪಾಲು 2–3 ಮಿ.ಮೀ. ನೊರಜು (ಸಣ್ಣ ಕಲ್ಲು) ಬೆರೆಸಿ. ಎಲ್ಲ ಕಾಳೂ ಒಂದೇ ಗಾತ್ರ ಇರಬಾರದು.

ಯಾಕೆ ಅಂದರೆ, ಪಾತ್ರ ಅಗಲವಾದ ಕಡೆ ನೀರು ತೆಳುವಾಗುತ್ತೆ, ಎಳೆಯುವ ಬಲ ಕುಗ್ಗುತ್ತೆ. ಮೊದಲು ನಿಲ್ಲುವುದು ದಪ್ಪ ಕಾಳು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ: ನಾಲ್ಕೈದು ನೊರಜು ನಿಂತ ಜಾಗದಲ್ಲಿ ನೀರಿನ ಮೈ ಸಣ್ಣಗೆ ಉಬ್ಬುತ್ತೆ, ಅವುಗಳ ಬೆನ್ನಿಗೆ ಸಣ್ಣ ಮರಳು ಬಾಲದಂತೆ ಕೂರುತ್ತೆ. ದಿಣ್ಣೆ ಬೆಳೆದಂತೆ ನೀರು ಎರಡೂ ಪಕ್ಕಕ್ಕೆ ತಳ್ಳಿಸಿಕೊಂಡು ದಡ ತಿನ್ನುತ್ತೆ, ಪಾತ್ರ ಇನ್ನೂ ಅಗಲವಾಗುತ್ತೆ. ನದಿ ವಿಜ್ಞಾನಿಗಳಾದ ಲಿಯೋಪೋಲ್ಡ್ ಮತ್ತು ವೋಲ್ಮನ್ 1957ರಲ್ಲಿ ವಿವರಿಸಿದ್ದು ಇದನ್ನೇ, ಅವರೂ ಹೀಗೆ ಮರಳಲ್ಲಿ ನೀರು ಹರಿಸಿಯೇ ನೋಡಿದ್ದು. ಅರ್ಧ ಗಂಟೆಯಾದರೂ ಬಿಡಿ, ನಡುವೆ ಕೈ ಹಾಕಬೇಡಿ.

ಕಲ್ಲಿನ ಪ್ರಯೋಗ ಬಿಸಾಡಬೇಡಿ. ಕಾವೇರಿಯ ಶಿವನಸಮುದ್ರದಲ್ಲಿ ನದಿಯನ್ನು ಗಗನಚುಕ್ಕಿ, ಭರಚುಕ್ಕಿ ಎಂದು ಎರಡಾಗಿ ಸೀಳಿರುವುದು ಬಂಡೆಯೇ, ಮೆಕ್ಕಲಲ್ಲ. ಎರಡು ಬಗೆಯನ್ನೂ ಪಕ್ಕಪಕ್ಕದಲ್ಲಿ ತೋರಿಸಿ.

ಹೈಸ್ಕೂಲ್_ಕೊರಟಗೆರೆ:
ತೊಳೆದ ಮರಳು, 3 ಸೆಂ.ಮೀ. ರೀಪರ್, ಚಮಚದ ಲೆಕ್ಕ ಎಲ್ಲ ಮಾಡಿದೆವು. ನೀರಡಿಯಲ್ಲಿ ಎರಡು ದಿಣ್ಣೆ ಬಂದವು! ಆದರೆ ನೀರಿನಿಂದ ಮೇಲೆ ಏಳಲಿಲ್ಲ, ಮತ್ತೆ ಹರಿಸಿದಾಗ ಒಂದು ಕೊಚ್ಚಿಹೋಯಿತು.

ಪಿನಾಕಿನಿ_ಗೌರಿಬಿದನೂರು:
ಸರಿಯಾಗಿಯೇ ಬಂದಿದೆ. ದಿಣ್ಣೆ ಕಟ್ಟುವುದು ಪ್ರವಾಹದಲ್ಲಿ, ತಲೆ ಎತ್ತುವುದು ನೀರು ಇಳಿದಾಗ. ವಾಲ್ವ್ ನಿಧಾನಕ್ಕೆ ತಿರುಗಿಸಿ 2 ಲೀಟರಿಗೆ ಇಳಿಸಿ, ಆಗ ಒಣ ಮೈ ಕಾಣುತ್ತೆ. ಒಮ್ಮೆಲೇ ನಿಲ್ಲಿಸಬೇಡಿ.

ಅದು ಇನ್ನೂ ಮರಳ ದಿಣ್ಣೆ ಅಷ್ಟೇ, ಮುಂದಿನ ಪ್ರವಾಹಕ್ಕೆ ಜಾಗ ಬದಲಿಸುತ್ತೆ. ಹಿಡಿದು ನಿಲ್ಲಿಸುವುದು ಬೇರು. ಪಂಪು ನಿಲ್ಲಿಸಿ, ದಿಣ್ಣೆಯ ಮೇಲೆ ಕುದುರೆ ಮಸಾಲೆ (ಲೂಸರ್ನ್ ಮೇವಿನ ಗಿಡ) ಬೀಜ ಚದುರಿಸಿ, ಚದರ ಸೆಂಟಿಮೀಟರಿಗೆ ಒಂದೆರಡು. ದಿನಕ್ಕೆ ಮೂರು ಸಲ ನೀರು ಚಿಮುಕಿಸಿ, ವಾರ ಬಿಡಿ. ಅಮೆರಿಕದ ಮಿನ್ನೆಸೋಟದ ಪ್ರಯೋಗಾಲಯದಲ್ಲಿ ನದಿ ಮಾದರಿಯ ದಡ ಹಿಡಿಸಲು ಬಳಸಿದ್ದೂ ಇದೇ ಮೇವಿನ ಮೊಳಕೆ. ಸಿಗದಿದ್ದರೆ ರಾಗಿ ಹಾಕಿ ನೋಡಿ. ನಿಮ್ಮ ಕಡೆಯ ಜಯಮಂಗಲಿ ನದಿಯ ಒಣ ಪಾತ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ, ಜಾಲಿ ಬೇರು ಬಿಟ್ಟ ದಿಣ್ಣೆಗೂ ಬೋಳು ದಿಣ್ಣೆಗೂ ಇರುವ ವ್ಯತ್ಯಾಸ ಅವರೇ ಹುಡುಕಲಿ.

ಮೆಕ್ಕಲು_ಚಿಂತಾಮಣಿ:
ಮೊಳಕೆ ಬಂದ ಮೇಲೆ ಮೊದಲ ಹತ್ತು ನಿಮಿಷ 3 ಲೀಟರ್ ಮೀರಬೇಡಿ. ಕೆಳಗಿನ ಬಕೆಟ್‌ನಲ್ಲಿ ಪಂಪನ್ನು ಇಟ್ಟಿಗೆ ಮೇಲೆ ಕೂರಿಸಿ, ಸುತ್ತ ನೈಲಾನ್ ಬಟ್ಟೆ ಕಟ್ಟಿ. ಇಲ್ಲದಿದ್ದರೆ ಮರಳು ಒಳಹೊಕ್ಕು ಪ್ರದರ್ಶನದ ದಿನವೇ ಪಂಪು ಕಚ್ಚಿಕೊಳ್ಳುತ್ತೆ.