ಏಳನೇ ಇಯತ್ತೆ (ತರಗತಿ): 70°ಯ ‘ಪೂರಕ ಕೋನ’ 20°ಯೋ 110°ಯೋ?

ಕೋಥ್ರೂಡ್‌ಅಮ್ಮ:
ಮಗ ಇಲ್ಲೇ ಪುಣೆಯಲ್ಲಿ ಮರಾಠಿ ಮಾಧ್ಯಮ. 70°ಯ ಪೂರಕ ಕೋನ 20° ಅಂತ ಹೇಳಿಕೊಟ್ಟೆ, ಪುಸ್ತಕದ ಉತ್ತರ 110°. ಅಚ್ಚಿನ ತಪ್ಪೇ? ಇನ್ನೊಂದು: ಅವನು ಕೋನಮಾಪಕ ಇಟ್ಟು ಅಳೆದರೆ 30° ಇರುವುದು 25°ಯ ಹತ್ತಿರ ಬರುತ್ತದೆ, 90° ಮಾತ್ರ ಸರಿಯಾಗಿ ಬರುತ್ತದೆ. ಕೋನಮಾಪಕವೇ ಕೆಟ್ಟದ್ದೇ?

ಧಾರವಾಡ_ಟು_ಹಡಪಸರ:
ಅಕ್ಕಾರ, ಪುಸ್ತಕದ್ದೂ ತಪ್ಪಲ್ಲ, ನಿಮ್ದೂ ತಪ್ಪಲ್ರಿ. ಕನ್ನಡದಾಗ ಮೊತ್ತ 90° ಆದ್ರ ಪೂರಕ, 180° ಆದ್ರ ಪರಿಪೂರಕ. ಮರಾಠಿಯೊಳಗ 90°ಕ್ಕ ‘ಕೋಟಿಕೋನ’, 180°ಕ್ಕನ ‘ಪೂರಕ’ ಅಂತಾರ. ಹಿಂದಿ ಮಾತ್ರ ಕನ್ನಡದ ಕಡೀಗೆ: ಹಿಂದಿಯೊಳಗ ಪೂರಕ 90°, ಸಂಪೂರಕ 180°. ಹುಡುಗಗ ‘ಕೋಟಿ’ ನೆನಪಿರಬೇಕಂದ್ರ ಕೊಸೈನ್ ಹೇಳ್ರಿ, ಹಳೇ ಗಣಿತದಾಗ ಅದು ಕೋಟಿಜ್ಯಾ. ಕೊಸೈನ್ 20° ಅಂದ್ರ ಸೈನ್ 70°, 20° ಮತ್ತ 70° ಕೂಡಿ 90°.

ಲಘುಕೋನ, ವಿಶಾಲಕೋನಕ್ಕ ತಕರಾರಿಲ್ಲ, ಎರಡೂ ಕಡೆ ಒಂದ. ಲಂಬಕೋನ ಇಲ್ಲಿ ಕಾಟಕೋನ, ಶೃಂಗಾಭಿಮುಖ ಕೋನ ಇಲ್ಲಿ ವಿರುದ್ಧ ಕೋನ, ಪರ್ಯಾಯ ಕೋನ ಇಲ್ಲಿ ವ್ಯುತ್ಕ್ರಮ ಕೋನ.

ದಾದರ್‌ಗಣಿತ:
ಕೋನಮಾಪಕ ಸರಿಯಾಗಿಯೇ ಇರಬೇಕು, ಇಡುವ ಜಾಗ ತಪ್ಪಿದೆ. ಪ್ಲಾಸ್ಟಿಕ್ಕಿನ ಕೆಳ ಅಂಚು ಸೊನ್ನೆಯ ಗೆರೆಯಲ್ಲ, ಸಾಮಾನ್ಯವಾಗಿ ಅದರ ಕೆಳಗೆ ಕೆಲವು ಮಿ.ಮೀ. ಪಟ್ಟಿ ಬಿಟ್ಟಿರುತ್ತಾರೆ. ಮಕ್ಕಳು ಆ ಅಂಚನ್ನೇ ಕೋನದ ಗೆರೆಗೆ ತಾಗಿಸುತ್ತಾರೆ. ಪಟ್ಟಿ 5 ಮಿ.ಮೀ., ಅಂಕಿಗಳ ವೃತ್ತದ ತ್ರಿಜ್ಯ 4.5 ಸೆಂ.ಮೀ. ಎಂದಿಟ್ಟುಕೊಳ್ಳಿ: 30° ಇರುವುದು 24.5° ಎಂದೂ 150° ಇರುವುದು 155.5° ಎಂದೂ ಓದಿಸಿಕೊಳ್ಳುತ್ತದೆ. 90°ಯ ಗೆರೆ ನೇರ ಮೇಲಕ್ಕೆ ಹೋಗುವುದರಿಂದ ಕೋನಮಾಪಕ ಎಷ್ಟು ಮೇಲೆ ಸರಿದರೂ ಅಲ್ಲಿ ವ್ಯತ್ಯಾಸವೇ ಕಾಣದು. ಹಾಗಾಗಿ 90° ಅಳೆದು ‘ಸರಿಯಿದೆ’ ಎಂದು ಪರೀಕ್ಷಿಸುವುದು ವ್ಯರ್ಥ.

ಮೊದಲು ನಡುವಿನ ಕೂಡುಗುರುತು ಶೃಂಗದ (ಕೋನದ ಎರಡು ಗೆರೆ ಸೇರುವ ಬಿಂದುವಿನ) ಮೇಲೆ ಬರಲಿ, ಆಮೇಲೆ ಸೊನ್ನೆಯ ಗೆರೆ ಒಂದು ಬಾಹುವಿನ (ಆ ಗೆರೆಗಳಲ್ಲೊಂದರ) ಮೇಲೆ. ಆ ಬಾಹು ಯಾವ ಸೊನ್ನೆಯ ಮೇಲಿದೆಯೋ ಅದೇ ಸಾಲಿನ ಅಂಕಿ ಓದಬೇಕು. ಸಾಲು ತಪ್ಪಿದರೆ 70° ಹೋಗಿ 110° ಆಗುತ್ತದೆ (ನಿಮ್ಮ ಮೊದಲ ಪ್ರಶ್ನೆಯ ಉತ್ತರವೇ!). ಬಾಹು ಅಂಕಿಗಳವರೆಗೆ ಮುಟ್ಟದಿದ್ದರೆ ಸ್ಕೇಲ್ ಇಟ್ಟು ಉದ್ದ ಮಾಡಿ, ಗೆರೆ ಬೆಳೆದರೆ ಕೋನ ಬೆಳೆಯುವುದಿಲ್ಲ. ಅಳೆಯುವ ಮುಂಚೆ ನೋಟ್‌ಬುಕ್ಕಿನ ಮೂಲೆಯನ್ನು ಕೋನದ ಮೇಲಿಟ್ಟರೆ 90°ಗಿಂತ ಕಿರಿದೋ ಹಿರಿದೋ ಗೊತ್ತಾಗಿಬಿಡುತ್ತದೆ.

ಕೋಥ್ರೂಡ್‌ಅಮ್ಮ:
ಪಟ್ಟಿ ಇದೆ, ಅಂಚನ್ನೇ ತಾಗಿಸುತ್ತಿದ್ದ! ಹಾಗಾದರೆ 110°ಯ ಕೋಟಿಕೋನ? ಅವನು –20° ಬರೆದಿದ್ದಾನೆ. ಮತ್ತೆ, ಪೂರಕ ಕೋನಗಳು ಅಂಟಿಕೊಂಡೇ ಇರಬೇಕೇ?

ಧಾರವಾಡ_ಟು_ಹಡಪಸರ:
ಈ ಇಯತ್ತೆದಾಗ ಋಣ ಕೋನ ಇಲ್ರಿ, ‘110°ಕ್ಕ ಕೋಟಿಕೋನ ಇಲ್ಲ’ ಅಂತ ಬರೀಲಿ. ಅಂಟಿಕೊಂಡಿರಬೇಕು ಅಂತೇನಿಲ್ಲ, ಒಂದು ಈ ಪುಟದಾಗ, ಇನ್ನೊಂದು ಆ ಪುಟದಾಗ ಇದ್ರೂ ನಡೀತದ, ಮೊತ್ತ 180° ಆದ್ರ ಸಾಕು. ಒಂದು ಬಾಹು ಎರಡಕ್ಕೂ ಸೇರಿ, ಉಳಿದ ಎರಡು ಬಾಹು ಒಂದ ನೇರ ಗೆರಿ ಆದ್ರ ಮಾತ್ರ ಅದು ನಮ್ಮ ಸರಳಯುಗ್ಮ, ಇವರ ‘ರೇಷೀಯ ಜೋಡಿ’.