‘ಸಾಮಾಜಿಕ ಸುಸ್ಥಿರತೆ’ಗೆ ಅಂಗನವಾಡಿಯಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾರವಾರದ ಕಡೆಯ ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲಸ ಹುಡುಕಿಕೊಂಡು ಬಂದವರ ಪುಟ್ಟ ಮಕ್ಕಳ ಕಲಿಕೆಯ ಬಗ್ಗೆ ಅದು. ‘ಸೋಶಿಯಲ್ ಸಸ್ಟೇನಬಿಲಿಟಿ’ ಅನ್ನೋದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ.

‘ಸಾಮಾಜಿಕ ಸುಸ್ಥಿರತೆ’ ಎಂದು ಬರೆದು ಮುಗಿಸಬಹುದು. ಸರ್ಕಾರಿ ಕಾಗದಗಳಲ್ಲಿ ಅದೇ ಇದೆ. ಆದರೆ ನಮ್ಮ ಬಳಕೆಯಲ್ಲಿ ಸ್ಥಿರ ಅಂದರೆ ಕದಲದ್ದು. ಸ್ಥಿರಾಸ್ತಿ, ಸ್ಥಿರ ದೂರವಾಣಿ ಅಂತೀವಲ್ಲ, ಹಾಗೆ. ಕಟ್ಟಡದ ಕೆಲಸ ಮುಗಿದ ಕೂಡಲೇ ಶೆಡ್ ಬಿಟ್ಟು ಹೊರಡುವ ಮಗುವಿನ ವಿಷಯದಲ್ಲಿ ಈ ಪದ ಅಣಕಿಸಿದ ಹಾಗೆ ಕೇಳಿಸುತ್ತದೆ.

ಮೂಲದ ಇಂಗ್ಲಿಷ್ ಪದದ ಅರ್ಥವೇ ಬೇರೆ. ಇಂದಿನವರ ಅಗತ್ಯ ತೀರಬೇಕು, ಮುಂದಿನವರ ಪಾಲಿಗೆ ಕುತ್ತು ಬರಬಾರದು ಎನ್ನುವ ಮಾತು ವಿಶ್ವಸಂಸ್ಥೆಯ ಆಯೋಗವೊಂದು 1987ರಲ್ಲಿ ಕೊಟ್ಟ ಬ್ರಂಟ್‌ಲ್ಯಾಂಡ್ ವರದಿಯದು. ಪರಿಸರ, ಹಣಕಾಸು, ಸಮಾಜ ಮೂರೂ ಅದರೊಳಗೆ ಬರುತ್ತವೆ. ಸಮಾಜದ ಮಟ್ಟಿಗೆ ಹೇಳುವುದಾದರೆ ಯಾರನ್ನೂ ಹೊರಗಿಡದೆ, ಎಲ್ಲರಿಗೂ ಪಾಲು ಕೊಟ್ಟು, ಬಹುಕಾಲ ಬಾಳುವುದು. ‘ಸಹಬಾಳ್ವೆ’ ಅಂದರೆ ಮೊದಲ ಅರ್ಧ ಸಿಗುತ್ತದೆ, ‘ಬಹುಕಾಲ’ ಬಿಟ್ಟುಹೋಗುತ್ತದೆ. ‘ಬಾಳಿಕೆ’ಯಲ್ಲಿ ಬಹುಕಾಲ ಇದೆ, ಆದರೆ ಅದು ಸೀರೆ, ಚಪ್ಪಲಿಗಳ ಮಾತಾಯ್ತು. ಸದ್ಯಕ್ಕೆ ‘ಕೂಡಿ ಬಾಳಿಕೆ’ ಎಂದು ಬರೆದಿಟ್ಟಿದ್ದೇನೆ. ಪೂರಾ ಒಪ್ಪಿಗೆಯಾಗಿಲ್ಲ.

ಇನ್ನು ‘ವಲಸೆ ಮಕ್ಕಳು’. ಅಪ್ಪ ಅಮ್ಮ ಕೊಪ್ಪಳದವರು, ಮಗು ಹುಟ್ಟಿದ್ದು ಕಾರವಾರದಲ್ಲೇ ಎಂದಾದರೆ ಅದು ಯಾವ ವಲಸೆ? ‘ವಲಸೆ ಬಂದವರ ಮಕ್ಕಳು’ ಉದ್ದವಾದರೂ ನಿಜ. ‘ಗುಳೆ’ ಬಡಗಣ ಜಿಲ್ಲೆಗಳವರದೇ ಮಾತು, ತೂಕದ್ದು. ಆದರೆ ಅದು ಮಳೆ ಕೈಕೊಟ್ಟಾಗ ಊರು ಬಿಟ್ಟು ದುಡಿಯಲು ಹೋಗುವುದು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೊರರಾಜ್ಯದಿಂದ ಬಂದವರಿಗೆ ಅದು ಹೊಂದುವುದಿಲ್ಲ. ಕರಾವಳಿಯಲ್ಲಿ ಸುಮ್ನೆ ‘ಘಟ್ಟದ ಮೇಲಿನವರು’ ಅಂದುಬಿಡುತ್ತಾರೆ. ಕೈಪಿಡಿಗೆ ಅದಂತೂ ಬೇಡ.

ಕೈಪಿಡಿಯ ಇನ್ನೊಂದು ಮಾತು ಇಲ್ಲಿ ತಲೆಕೆಳಗಾಗುತ್ತದೆ. ವಲಸೆ ಬಂದವರ ಮಗುವಿಗೆ ‘ಸ್ಥಳೀಯ ಭಾಷೆ’ ಬಾರದು, ಊರಿನ ಮಕ್ಕಳಿಗೆ ಬರುತ್ತದೆ ಎಂದು ಅದು ಹಿಡಿದುಕೊಂಡು ಹೊರಡುತ್ತದೆ. ಕಾರವಾರದಲ್ಲಿ ಊರಿನ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ. ಕೊಪ್ಪಳದವರ ಮಗು ಕನ್ನಡವನ್ನೇ ಆಡುತ್ತಾ ಬಂದಿರುತ್ತದೆ. ಅದು ತತ್ತಿ ಅನ್ನುತ್ತದೆ, ಟೀಚರ್ ಮೊಟ್ಟೆ ಅನ್ನುತ್ತಾರೆ, ಅಷ್ಟೇ. ಅಂಗನವಾಡಿಯ ಕನ್ನಡ ಹಾಡು ಇಲ್ಲಿ ಯಾರಿಗೆ ಹೊಸದು ಹೇಳಿ! ಹಾಗಾಗಿ ‘ಸ್ಥಳೀಯ ಭಾಷೆ’, ‘ಮಾತೃಭಾಷೆ’ ಎರಡನ್ನೂ ಬಿಟ್ಟು ಎಲ್ಲ ಕಡೆ ‘ಮನೆಮಾತು’ ಎಂದು ಹಾಕಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಸರ್ಕಾರಕ್ಕೂ ತಿಳಿಗನ್ನಡ ಬರುವುದಿಲ್ಲ ಅಂತೇನಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ ‘ಕೂಸಿನ ಮನೆ’ ಎಂದೇ ಹೆಸರಿಟ್ಟಿದ್ದಾರೆ. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನಾನು ಕೇಳುವುದು ಇಷ್ಟು. ‘ಕೂಡಿ ಬಾಳಿಕೆ’ ಓದಿದೊಡನೆ ನಿಮಗೆ ಏನು ಹೊಳೆಯುತ್ತದೆ? ಗಂಡ ಹೆಂಡತಿಯ ಸಂಸಾರದ ಮಾತು ಎನ್ನಿಸಿದರೆ ಮುಚ್ಚುಮರೆಯಿಲ್ಲದೆ ಹೇಳಿ. ಶಿರಸಿ, ಮುಂಡಗೋಡ ಕಡೆಯವರು ಇನ್ನೊಂದನ್ನೂ ತಿಳಿಸಿ. ಹಾವೇರಿ ಕಡೆಯಿಂದ ಗಾರೆ ಕೆಲಸಕ್ಕೆ ಬರುವವರ ಮಕ್ಕಳನ್ನು ಅಲ್ಲಿನ ಅಂಗನವಾಡಿಗಳಲ್ಲಿ ಏನೆಂದು ಕರೆಯುತ್ತಾರೆ? ಅವರೆದುರಿಗೇ ಆಡಬಹುದಾದ ಪದವಿದ್ದರೆ ಅದನ್ನೇ ತೆಗೆದುಕೊಳ್ಳುತ್ತೇನೆ.